ಧೈರ್ಯ ಹೇಳುವವರಿಗಿಂತ ಕೆಲಸ ಹೇಳುವವರು ಬೇಕು

ಯಾರಾದರೂ ಸಾಮಾಜಿಕ ಜಾಲತಾಣದಲ್ಲಿ ‘ಸಾಕಾಗಿದೆ’ ಎಂದು ಒಂದು ಸಾಲು ಬರೆದುಕೊಂಡರೆ, ಸ್ವಲ್ಪ ಹೊತ್ತಿನಲ್ಲೇ ಅದರ ಕೆಳಗೆ ‘ಧೈರ್ಯವಾಗಿರಿ’, ‘ಇದೂ ಕಳೆದುಹೋಗುತ್ತದೆ’, ‘ನಿಮ್ಮ ಮೇಲೆ ನೀವು ನಂಬಿಕೆ ಇಡಿ’ ಎಂಬ ಮಾತುಗಳು ಸಾಲುಗಟ್ಟುತ್ತವೆ. ಬರೆದವರ ಅಂತಃಕರಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಮಾತುಗಳೆಲ್ಲವೂ, ಬದುಕಲು ಬೇಕಾದ ಕಾರಣ ನೊಂದವರ ಒಳಗೇ ಎಲ್ಲೋ ಅಡಗಿದೆ, ಅವರು ಹುಡುಕಿಕೊಳ್ಳಬೇಕಷ್ಟೇ ಎಂದು ಭಾವಿಸಿಕೊಂಡಿರುತ್ತವೆ. ನಾನು ಕಂಡ ಮಟ್ಟಿಗೆ ಕಾರಣ ಬರುವುದು ಹೆಚ್ಚಾಗಿ ಹೊರಗಿನಿಂದ. ಯಾರೋ ಬಂದು ಒಂದು ಕೆಲಸ ಹಚ್ಚುತ್ತಾರೆ. ಆ ಕೆಲಸಕ್ಕೆ ಇನ್ನೊಬ್ಬರ ಊಟವೋ ಪಾಠವೋ ಅಂಟಿಕೊಂಡಿರುತ್ತದೆ. ಅದನ್ನು ಮಾಡುತ್ತ ಮಾಡುತ್ತ ದಿನಗಳು ಸಾಗುತ್ತವೆ.

ನನ್ನ ಈ ಅಭಿಪ್ರಾಯ ಗಟ್ಟಿಯಾದದ್ದು, ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದ ಮೇಲೆ. ಅದನ್ನು ಕಟ್ಟಿ ಬೆಳೆಸಿದ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಕಣ್ಣಿರಲಿಲ್ಲ, ಅವರ ಅಣ್ಣನಿಗೂ ಇರಲಿಲ್ಲ. ಬಡ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ಆ ಕಾಲದಲ್ಲಿ ಅವರ ಮುಂದೆ ಇದ್ದ ದಾರಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು, ಅಂದರೆ ಬಾದಾಮಿಯ ಹತ್ತಿರ ಶಿವಯೋಗಮಂದಿರವನ್ನು ಕಟ್ಟಿದವರು, ಈ ಹುಡುಗರ ಕಂಠವನ್ನು ಗುರುತಿಸಿ ಸಂಗೀತ ಕಲಿಯಲು ಏರ್ಪಾಟು ಮಾಡಿದರು. ಮುಂದೆ ಪಂಚಾಕ್ಷರ ಗವಾಯಿಗಳು ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಸಾಧಿಸಿ ‘ಉಭಯ ಗಾಯನ ವಿಶಾರದ’ರೆನಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಮುಖ್ಯವೆನಿಸುವುದು ಅದಕ್ಕೆ ಮುಂದಿನ ಹೆಜ್ಜೆ: ಗುರುಗಳು ಅವರನ್ನು ಸಭೆಗಳಲ್ಲಿ ಹಾಡಿ ಸುಖವಾಗಿರಲು ಬಿಡಲಿಲ್ಲ, ಅವರಂಥದೇ ಅಂಧ, ಅನಾಥ ಮಕ್ಕಳಿಗೆ ಕಲಿಸುವ ಹೊಣೆಯನ್ನು ಹೆಗಲಿಗೇರಿಸಿದರು.

ಆ ಹೊಣೆ ಸಣ್ಣದಾಗಿರಲಿಲ್ಲ. ಅವರ ಪಾಠಶಾಲೆಗೆ ಬಹುಕಾಲ ಕಟ್ಟಡವೇ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ಹೋಗುವ ಸಂಚಾರಿ ಶಾಲೆಯಾಗಿತ್ತು ಅದು. ಯಾವ ಊರಿನಲ್ಲಿ ಕಾಳು ಕಡಿ ದೊರೆಯುತ್ತದೋ ಅಲ್ಲಿ ಬಿಡಾರ, ಅಲ್ಲಿಯೇ ಪಾಠ. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ಕಟ್ಟಿದರು. ನಾಟಕ ಕಂಪನಿ ಅಂದಮೇಲೆ ಅದರ ಪಾಡು ಉತ್ತರ ಕರ್ನಾಟಕದವರಿಗೆ ಗೊತ್ತಿದ್ದದ್ದೇ: ಮಳೆ ಬಂದರೆ ಆಟವಿಲ್ಲ, ಬರ ಬಂದರೆ ಪ್ರೇಕ್ಷಕರಿಲ್ಲ, ಎರಡೂ ಇಲ್ಲದಿದ್ದರೆ ಸಾಲದವರಿದ್ದಾರೆ. ಕಲೆಯ ಬಗೆಗಿನ ಪ್ರೀತಿಯೊಂದೇ ಆಗಿದ್ದರೆ ಇಂಥ ಸ್ಥಿತಿಯಲ್ಲಿ ಯಾರಾದರೂ ಒಂದು ದಿನ ಕೈಚೆಲ್ಲಿ ಕೂಡುತ್ತಿದ್ದರು ಎಂದು ನನಗನಿಸುತ್ತದೆ. ಮರುದಿನ ಬೆಳಿಗ್ಗೆ ಪಾಠಕ್ಕೆ ಕೂಡುವ, ಮಧ್ಯಾಹ್ನ ಉಣ್ಣಲು ಕೂಡುವ ಮಕ್ಕಳು ಎದುರಿಗಿದ್ದಾಗ ಕೈಚೆಲ್ಲಲು ಪುರಸೊತ್ತು ಸಿಗುವುದಿಲ್ಲ.

ಅದೇ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಪುಟ್ಟಯ್ಯ ಎಂಬ ಮಗು ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನೂ ತಂದೆಯನ್ನೂ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆಯಿತು. ಆ ಮಗುವೇ ಪಂಚಾಕ್ಷರ ಗವಾಯಿಗಳ ಶಿಷ್ಯರಾಗಿ ಪುಟ್ಟರಾಜ ಗವಾಯಿಗಳಾದರು. ಅಂಧರು ಬೆರಳಿನಿಂದ ಮುಟ್ಟಿ ಓದುವ, ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ, ಅಂದರೆ ಅವರಿಗೆ 37 ವರ್ಷವಾದಾಗ. ಅಷ್ಟರೊಳಗೆ ಅವರು ಕಲಿತ ಸಂಗೀತ, ಕನ್ನಡ, ಸಂಸ್ಕೃತ, ಹಿಂದಿ ಬಹುಪಾಲು ಕಿವಿಯ ಮೂಲಕವೇ ಬಂದದ್ದು. 1944ರಲ್ಲಿ ಗುರುಗಳು ತೀರಿಕೊಂಡಾಗ ಅವರಿಗೆ ಮೂವತ್ತು ವರ್ಷ. ಗುರುವಿನ ಅಗಲಿಕೆಯ ದುಃಖವೂ, ಆಶ್ರಮದ ಖರ್ಚಿನ ಭಾರವೂ, ತುಂಬಿಸಬೇಕಾದ ಹೊಟ್ಟೆಗಳೂ ಒಟ್ಟಿಗೇ ಅವರ ಪಾಲಿಗೆ ಬಂದವು. 2010ರ ಸೆಪ್ಟೆಂಬರ್ 17ರಂದು ತಾವು ತೀರಿಕೊಳ್ಳುವವರೆಗೆ, ಅರವತ್ತಾರು ವರ್ಷ ಅವರು ಆಶ್ರಮವನ್ನು ನಡೆಸಿದರು. ಭಕ್ತರು ಅವರಿಗೆ ಎರಡು ಸಾವಿರಕ್ಕೂ ಹೆಚ್ಚು ಬಾರಿ ತುಲಾಭಾರ ಮಾಡಿದರು. ಇದನ್ನು ಭಕ್ತಿಯ ಅತಿರೇಕವೆಂದು ನಗುವವರನ್ನು ನಾನು ನೋಡಿದ್ದೇನೆ. ಆದರೆ ತಕ್ಕಡಿಯಲ್ಲಿ ಕೂತ ಆ ಮೈಭಾರದಿಂದ ಬಂದ ಹಣ ಆಶ್ರಮದ ಮಕ್ಕಳ ದಾಸೋಹಕ್ಕೆ ಹೋಗುತ್ತಿತ್ತು ಎಂಬುದನ್ನು ನೆನೆದರೆ ನಗು ಬರುವುದಿಲ್ಲ.

ಇಲ್ಲಿ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ನಾವು ಇಂಥವರನ್ನು ಬೇಗನೆ ದೇವರನ್ನಾಗಿ ಮಾಡಿಬಿಡುತ್ತೇವೆ. ದೇವರಾದ ಮೇಲೆ ಅವರ ಹಸಿವು, ಬೇಸರ, ಸಾಲ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ‘ಅವರಿಗೆ ದೈವಬಲವಿತ್ತು, ನಮಗೆಲ್ಲಿ’ ಎಂದು ಫೋಟೊಕ್ಕೆ ಹಾರ ಹಾಕಿ ಕೈತೊಳೆದುಕೊಳ್ಳಬಹುದು. ಅವರ ಬದುಕಿನಲ್ಲಿ ನಮಗೂ ಎಟುಕುವ ಅಂಶವೊಂದಿದೆ. ಕಣ್ಣಿಲ್ಲದ ಮಕ್ಕಳನ್ನು ಆ ಆಶ್ರಮ ಕೇವಲ ಅನ್ನ ಹಾಕಿಸಿಕೊಳ್ಳುವವರನ್ನಾಗಿ ಇಡಲಿಲ್ಲ, ಕೊಡುವವರನ್ನಾಗಿ ಮಾಡಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂಥ ಕಣ್ಣಿದ್ದ ಶಿಷ್ಯರು ಪಂಚಾಕ್ಷರ ಗವಾಯಿಗಳ ಬಳಿ ಕಲಿತರು. ಬಳ್ಳಾರಿ ಸೀಮೆಯ ಬಡ ಕಲಾವಿದನ ಮಗನಾದ ವೆಂಕಟೇಶ ಕುಮಾರರು ಪುಟ್ಟರಾಜರ ಬಳಿ ವರ್ಷಗಟ್ಟಲೆ ಕಲಿತು, 2016ರಲ್ಲಿ ಪದ್ಮಶ್ರೀ ಪಡೆಯುವ ಎತ್ತರಕ್ಕೆ ಬೆಳೆದರು. ಊರಿನವರು ‘ಪಾಪ’ ಎನ್ನುತ್ತಿದ್ದವರ ಮನೆಯ ಮುಂದೆ ಕಣ್ಣಿದ್ದವರು ವಿದ್ಯೆ ಬೇಡಿಕೊಂಡು ನಿಲ್ಲುವಂತಾಯಿತು.

ನಮ್ಮ ಊರಿನ ಕಡೆ ಒಬ್ಬ ಹೆಣ್ಣುಮಗಳಿದ್ದಾರೆ. ಸಾಲದ ಹೊರೆಯಲ್ಲಿ ಗಂಡ ಜೀವ ಕಳೆದುಕೊಂಡ ಮೇಲೆ ಅವರು ಮಾತುಬಿಟ್ಟು ಮೂಲೆಗೆ ಕೂತಿದ್ದರು. ಬಂದವರೆಲ್ಲ ಮಕ್ಕಳ ಮುಖ ನೋಡು ಎಂದು ಹೇಳಿಹೋದರು. ಕೆಲವು ದಿನ ಕಳೆದ ಮೇಲೆ ಹಾಲಿನ ಡೇರಿಯ ಕಾರ್ಯದರ್ಶಿ ಬಾಗಿಲಲ್ಲಿ ನಿಂತು, “ಅಕ್ಕಾರ, ನಿಮ್ಮ ಹಾಲು ಬರವಲ್ದು, ನಾಳೆ ಹೊತ್ತೇರೂದ್ರೊಳಗ ತರ್ರಿ” ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೋದರು. ಕಠಿಣವೆನಿಸಬಹುದಾದ ಮಾತು. ಆದರೆ ಅಷ್ಟು ದಿನಗಳಲ್ಲಿ ಅವರನ್ನು ವಿಧವೆಯೆಂದು ನೋಡದೆ, ಹಾಲು ಹಾಕುವ ಸದಸ್ಯೆಯೆಂದು ನೋಡಿದವರು ಅವರೊಬ್ಬರೇ. ಮರುದಿನ ಆ ಹೆಣ್ಣುಮಗಳು ಡೇರಿಗೆ ಹೋದರು. ಎಮ್ಮೆಗೆ ದಿನಕ್ಕೆ ಎರಡು ಸಲ ಹಿಂಡಲೇಬೇಕಾದ ಕೆಚ್ಚಲಿರುತ್ತದೆ. ಅದು ಯಾರ ಮನೆಯ ಸೂತಕವನ್ನೂ ಕೇಳುವುದಿಲ್ಲ.

ಹೊಣೆಯೇ ಎಲ್ಲಕ್ಕೂ ಮದ್ದು ಎಂದು ನಾನು ವಾದಿಸುತ್ತಿಲ್ಲ. ಹೊಣೆ ತಾಳಲಾರದೆ ಹೋದವರೂ ನಮ್ಮ ನಡುವೆಯೇ ಇದ್ದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರಲ್ಲಿ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 2,392 ಮಂದಿ ಕರ್ನಾಟಕದವರು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲವೆ, ಕೊಟ್ಟಿಗೆಯಲ್ಲಿ ದನವಿರಲಿಲ್ಲವೆ? ಇದ್ದವು. ಮನೆಯ ಯಜಮಾನನೆಂಬ ಹೆಸರಿನಲ್ಲಿ ಇಡೀ ಭಾರವನ್ನು ಒಬ್ಬನ ತಲೆಗೆ ಕಟ್ಟಿ, ಅದರಲ್ಲಿ ಪಾಲು ಕೇಳಲು ಯಾರೂ ಬರದಿದ್ದಾಗ ಹೊಣೆಯೇ ಉಸಿರುಗಟ್ಟಿಸುತ್ತದೆ. ಪುಟ್ಟರಾಜರಿಗೂ ಭಾರವಿತ್ತು, ಆದರೆ ಅಕ್ಕಿಯ ಚೀಲ ಹೊತ್ತು ತರುವ ಊರುಗಳಿದ್ದವು. ಬೆಳೆ ಹಾಳಾದ ರೈತನ ಬಾಗಿಲಿಗೆ ಮೊದಲು ಬರುವುದು ಸಾಲ ವಸೂಲಿಯವರು. ಅವನು ಹೋದ ಮೇಲೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡುವ ನಮ್ಮ ವ್ಯವಸ್ಥೆಗೆ, ಅವನಿದ್ದಾಗ ಕಂತಿನ ಗಡುವನ್ನು ಒಂದು ಸುಗ್ಗಿಯ ಮಟ್ಟಿಗೆ ಮುಂದೂಡಲು ಮನಸ್ಸಾಗುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಖಿನ್ನತೆ ರೋಗವಾಗಿ ಕಾಡುವಾಗ ‘ಏಳು, ಕೆಲಸ ಮಾಡು’ ಎನ್ನುವುದು ಕಾಲು ಮುರಿದವರಿಗೆ ನಡೆ ಎಂದಂತೆ. ಆಗ ಔಷಧ ಬೇಕು, ಆಪ್ತಸಮಾಲೋಚನೆ ಬೇಕು. ಅದು ದೊಡ್ಡ ಊರಿನ ಶ್ರೀಮಂತರ ಸೌಲಭ್ಯವೆಂಬ ಭಾವನೆ ಇನ್ನೂ ಇದೆ. ಆದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶಮಟ್ಟದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಹೋಗದೆ ಮುಚ್ಚಿಡುವ ಮನೆಗಳಿಗೆ ಈ ಮಾತು ತಲುಪಬೇಕು.

ಆದ್ದರಿಂದ ‘ಸಾಕಾಗಿದೆ’ ಎಂಬ ಸಾಲು ಕಂಡಾಗ ನಾನು ಈಗ ಕೆಳಗೆ ಏನೂ ಬರೆಯುವುದಿಲ್ಲ, ನೇರವಾಗಿ ಫೋನ್ ಮಾಡುತ್ತೇನೆ. ಮೊದಲು ಊಟವಾಯಿತೇ ಎಂದು ಕೇಳುತ್ತೇನೆ, ಜೀವ ಬೇಡವೆನಿಸುತ್ತಿದೆಯೇ ಎಂದೂ ಅಂಜದೆ ಕೇಳುತ್ತೇನೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಹತ್ತಿರದವರನ್ನು ಕಳಿಸಿ, 14416ಕ್ಕೆ ಕರೆ ಮಾಡಿಸುತ್ತೇನೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಹಾಗಿಲ್ಲ, ಬರೀ ಬೇಸರ ಎಂದರೆ ನನಗೆ ಆಗಬೇಕಾದ ಸಣ್ಣ ಕೆಲಸವೊಂದನ್ನು ಅವರಿಗೆ ಒಪ್ಪಿಸುತ್ತೇನೆ: ಒಂದು ಅರ್ಜಿ ತಿದ್ದಿಕೊಡುವುದು, ಪಕ್ಕದ ಮನೆಯ ಹುಡುಗನಿಗೆ ಭಾನುವಾರ ಲೆಕ್ಕ ಹೇಳಿಕೊಡುವುದು, ಹೀಗೆ ಏನಾದರೂ. ಸೋಮವಾರ ಮತ್ತೆ ಫೋನ್ ಮಾಡಿ, ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸುತ್ತೇನೆ.