ಆ ಮೂರು ವರ್ಷದ ಜಾಗದಲ್ಲಿ ಏನು ಬರೆಯಬೇಕಿತ್ತು, ಹೇಳಿ

ತಟ್ಟೆ ಮುಂದೆ ಕೂತರೂ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಇವತ್ತು ಇಂಟರ್‌ವ್ಯೂನಲ್ಲಿ ಎಚ್‌ಆರ್ ಹುಡುಗ ನನ್ನ ಸಿವಿ ಮೇಲೆ ಪೆನ್ನಲ್ಲಿ ಗೀಚಿದ. ನನ್ನ ಎದುರಿಗೇ. 2022ರಿಂದ 2025 ಅಂತ ಇದ್ದ ಸಾಲಿನ ಪಕ್ಕ "ಹೌಸ್‌ವೈಫ್" ಅಂತ ಬರೆದು ಅದಕ್ಕೊಂದು ಸುತ್ತು ಹಾಕಿದ.

ನಾನು ಅಲ್ಲಿ ಬರೆದಿದ್ದು ಅದಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ಪೂರ್ತಿ ಹೊತ್ತು ನೋಡಿಕೊಂಡೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದೆ. ಎಲ್ಲರೂ ಹೇಳಿಕೊಡೋದು ಅದನ್ನೇ ಅಲ್ವಾ? ಗ್ಯಾಪ್ ಮುಚ್ಚಿಡಬೇಡಿ, ಒಂದೇ ಸಾಲಲ್ಲಿ ನೇರವಾಗಿ ಹೇಳಿಬಿಡಿ ಅಂತ. ಲಿಂಕ್ಡ್‌ಇನ್‌ನವರು 2022ರಲ್ಲಿ ಕರಿಯರ್ ಬ್ರೇಕ್ ಅಂತ ಹಾಕಿಕೊಳ್ಳಲು ಬೇರೆ ಜಾಗವನ್ನೇ ಮಾಡಿದರು. ಮನೆಯವರ ಆರೈಕೆ ಅನ್ನೋದೂ ಅದರಲ್ಲಿ ಒಂದು ಕಾರಣ. ಹೇಳಿದ ಹಾಗೇ ಬರೆದೆ. ಈ ಗತಿ ಆಯಿತು.

ಪೀಣ್ಯದ ಕಂಪನಿ. ಹೆಸರು ಬೇಡ, ಬಿಡಿ. ಅಕೌಂಟೆಂಟ್ ಬೇಕು ಅಂತ ಅವರೇ ಫೋನ್ ಮಾಡಿ ಕರೆದಿದ್ದರು. ಒಳಗೆ ಇಬ್ಬರು. ಈ ಎಚ್‌ಆರ್ ಹುಡುಗ, ಮತ್ತೆ ವಯಸ್ಸಾದ ಇನ್ನೊಬ್ಬರು. ಅವರು ಮೊಬೈಲ್‌ನಿಂದ ತಲೆ ಎತ್ತಲೇ ಇಲ್ಲ. ಹುಡುಗ ಮೊದಲ ಪುಟ ಓದಲಿಲ್ಲ. ಬೆರಳು ಸೀದಾ ಆ ಸಾಲಿಗೆ ಹೋಯಿತು.

"ಮೇಡಂ, ಈ ಮೂರು ವರ್ಷ ಸುಮ್ನೆ ಮನೇಲಿದ್ರಾ?"

"ಇಲ್ಲ ಸರ್, ನಮ್ಮ ಅತ್ತೆಗೆ ಲಕ್ವ ಹೊಡೆದಿತ್ತು, ನೋಡ್ಕೊಳ್ಳೋಕೆ ಬೇರೆ ಯಾರೂ..."

ನನ್ನ ಮಾತು ಮುಗಿಯುವ ಮೊದಲೇ ಅವನು ಆ ಹಿರಿಯರ ಕಡೆ ತಿರುಗಿ, "ಸರ್, ಇವರಿಗೆ ಟಚ್ ಹೋಗಿರುತ್ತೆ" ಅಂದ. ಎದುರಿಗೆ ಕೂತಿದ್ದೀನಿ. ಆಮೇಲೆ ಪೆನ್ ತೆಗೆದು ಬರೆದ. "ಸರ್, ಅದು ನಾನು ಬರೆದಿರೋದಲ್ಲ" ಅಂದೆ. "ನಮ್ಮ ರೆಫರೆನ್ಸ್‌ಗೆ ಮೇಡಂ" ಅಂದ. "ಬೇಕಾದ್ರೆ ಅಕೌಂಟ್ಸ್ ಬಗ್ಗೆ ಏನಾದ್ರೂ ಕೇಳಿ ಸರ್" ಅಂದೆ. ಆ ಹೊತ್ತಿಗೆ ನನ್ನ ದನಿ ನಡುಗುತ್ತಿತ್ತು. ಅವನು ಕೇಳಿದ್ದೇನು ಗೊತ್ತಾ? "ನಿಮ್ಮ ಹಸ್ಬೆಂಡ್ ಏನ್ ಮಾಡ್ತಾರೆ?"

ಮದುವೆ ಆಗಿದೆಯೋ ಇಲ್ಲವೋ, ಗಂಡನ ಹೆಸರೇನು, ಇದನ್ನೆಲ್ಲ ಸಿವಿಯಲ್ಲಿ ಹಾಕಬಾರದು ಅಂತ ಓದಿ ತೆಗೆದಿದ್ದೆ. ಡಿಟಿಪಿ ಅಂಗಡಿಯವರು ಕೊನೆಗೆ ಸೇರಿಸಿದ್ದ "ಮೇಲಿನ ಮಾಹಿತಿಯೆಲ್ಲ ಸತ್ಯ" ಅನ್ನೋ ಪ್ರಮಾಣವನ್ನೂ ತೆಗೆದೆ. ಎರಡು ಕಾಲಂ ಇದ್ದರೆ ಕಂಪನಿಯವರ ಕಂಪ್ಯೂಟರ್ ಸಿವಿ ಓದುವಾಗ ಎಡಗಡೆಯದ್ದು ಬಲಗಡೆಯದ್ದು ಕಲಸಿಹೋಗಬಹುದು ಅಂದರು. ಒಂದೇ ಕಾಲಂ ಮಾಡಿದೆ. ಆ ಕೆಲಸದಲ್ಲಿ ಈಗ ಬಳಸೋ ಪದಗಳೆಲ್ಲ ಇರಬೇಕು ಅಂದರು. ಟ್ಯಾಲಿ ಪ್ರೈಮ್, ಟಿಡಿಎಸ್, ಇ-ವೇ ಬಿಲ್, ಬ್ಯಾಂಕ್ ರೀಕನ್ಸಿಲಿಯೇಶನ್ ಎಲ್ಲ ಹಾಕಿದೆ. ಯಾರು ಓದಿದರು? ನಾನು ಯೋಚನೆ ಮಾಡಿ ತೆಗೆದದ್ದನ್ನು ಅವನು ಬಾಯಲ್ಲೇ ಕೇಳಿಬಿಟ್ಟ.

ಟಚ್ ಹೋಗಿದೆಯಂತೆ. ಕೇಳಬೇಕಿತ್ತು. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕೋರಿಗೆ, ಮಾರಾಟದ ವಿವರದ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ನೇ ತಾರೀಕಿಗೆ, ತೆರಿಗೆ ಕಟ್ಟೋ 3ಬಿ 20ಕ್ಕೆ. ಇದು ನಿದ್ದೆಯಲ್ಲೂ ಬಾಯಿಗೆ ಬರುತ್ತೆ. 2023ರ ಆಗಸ್ಟ್ 1ರಿಂದ ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸೋದು, ಕಡ್ಡಾಯ ಆಯಿತು. ಅದು ನಾನು "ಸುಮ್ನೆ" ಮನೆಯಲ್ಲಿದ್ದಾಗ ಬಂದದ್ದು. ಮೈಕ್ರೋ, ಸಣ್ಣ ಘಟಕಗಳಿಗೆ ಒಪ್ಪಂದ ಇದ್ದರೂ 45 ದಿನ ಮೀರಿ ಬಾಕಿ ಇಟ್ಟುಕೊಂಡರೆ, ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು. ಇದೂ ಆಗಲೇ ಬಂತು. ಪೀಣ್ಯದಲ್ಲಿ ಕೂತು ಅಕ್ಕಪಕ್ಕದ ವರ್ಕ್‌ಶಾಪ್‌ಗಳಿಂದ ಮಾಲು ತಗೊಳ್ಳೋ ಕಂಪನಿಗೆ ಇದಕ್ಕಿಂತ ಬೇಕಾದ ವಿಷಯ ಇದೆಯಾ? 2025ರ ಸೆಪ್ಟೆಂಬರ್ 22ರಿಂದ ತಂಬಾಕಿನಂಥ ಕೆಲವು ಮಾಲು ಬಿಟ್ಟು ಮಿಕ್ಕದ್ದಕ್ಕೆ ಜಿಎಸ್‌ಟಿಯ 12 ಮತ್ತು 28 ಪರ್ಸೆಂಟ್ ಸ್ಲ್ಯಾಬ್ ತೆಗೆದರು. ಅದನ್ನೂ ಕೂತು ಓದಿದೆ. ಒಂದೇ ಒಂದು ಪ್ರಶ್ನೆ. ಒಂದಾದರೂ.

ಆ ಮೂರು ವರ್ಷ ನಾನು ಏನು ಮಾಡಿದೆ ಅಂತಲೂ ಹೇಳುತ್ತೇನೆ. ಬೆನ್ನಲ್ಲಿ ಹುಣ್ಣಾಗಬಾರದು ಅಂತ ರಾತ್ರಿಯೂ ಎರಡೆರಡು ಗಂಟೆಗೆ ಎದ್ದು ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದೆ. ಮೂಗಿನ ಪೈಪಿನಲ್ಲಿ ಗಂಜಿ ಹೋಗಬೇಕು. ಒಂದು ಕಾಳು ಸಿಕ್ಕಿಕೊಂಡರೂ ಪೈಪ್ ಕಟ್ಟಿಕೊಳ್ಳುತ್ತೆ. ಅದಕ್ಕೇ ತೆಳು ಬಟ್ಟೆಯಲ್ಲಿ ಸೋಸಿ ಸೋಸಿ ಕೊಡಬೇಕು. ಬಿಪಿ, ಶುಗರ್, ಮಾತ್ರೆ ಎಲ್ಲದಕ್ಕೂ ಹೊತ್ತು ಹಾಕಿ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ಅದನ್ನು ನೋಡಿ ಡಾಕ್ಟರೇ "ಹೀಗೆ ಯಾರೂ ಬರೆಯಲ್ಲಮ್ಮ" ಅಂದಿದ್ದರು. ಇನ್ಶೂರೆನ್ಸ್‌ನವರು ಕ್ಲೇಮ್ ತಿರಸ್ಕರಿಸಿದಾಗ ಒಂದೊಂದೇ ಬಿಲ್ಲು ಜೋಡಿಸಿ, ಪಾಲಿಸಿಯ ಷರತ್ತು ಹಿಡಿದು ಕಾಗದ ಬರೆದು, ದುಡ್ಡು ಬರುವ ತನಕ ಬಿಡಲಿಲ್ಲ. ಇದು ಲೆಕ್ಕದ ಕೆಲಸ ಅಲ್ವಾ?

ಇನ್ನೊಂದು ಮಾತು. ಅತ್ತೆ ಅಂದರೆ ನನ್ನ ಗಂಡನ ಅಮ್ಮ. ನಮ್ಮವರ ಸಿವಿಯಲ್ಲಿ ಒಂದು ತಿಂಗಳ ಗ್ಯಾಪೂ ಇಲ್ಲ. ಆ ಮೂರು ವರ್ಷದಲ್ಲಿ ಅವರಿಗೆ ಪ್ರಮೋಷನ್ ಬಂತು. ಮೈದುನನ ಸಿವಿಯಲ್ಲೂ ಗ್ಯಾಪ್ ಇಲ್ಲ. ಅವರಿಬ್ಬರ ಗ್ಯಾಪೂ ನನ್ನ ಸಿವಿಯಲ್ಲಿ ಬಂದು ಕೂತಿದೆ. ಅತ್ತೆಗೆ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ, ಕೊನೆಯವರೆಗೂ ನನ್ನ ಕೈ ಹಿಡಿದಿದ್ದರು ಪಾಪ. ಗಂಡನ ಮೇಲೂ ಕೋಪ ಇಲ್ಲ. ಇಲ್ಲ ಅಂತ ಹೇಗೆ ಹೇಳಲಿ, ಇವತ್ತು ಇದೆ.

ಹೋಗಲಿ ಬಿಡಿ. ಯಾರಿಗೆ ಹೇಳಿ ಏನು ಪ್ರಯೋಜನ? ಕೆಲಸ ಅವರದು, ಪೆನ್ನೂ ಅವರದು. ಇನ್ನು ಯಾರಿಗೂ ಸಿವಿ ಕಳಿಸಲ್ಲ ಅಂತ ಬಸ್ಸಲ್ಲಿ ಬರುವಾಗಲೇ ತೀರ್ಮಾನ ಮಾಡಿದ್ದೆ.

ಆದರೆ ಸೋಮವಾರದೊಳಗೆ ಇನ್ನೊಂದು ಕಡೆಯ ಫಾರ್ಮ್ ತುಂಬಬೇಕು. ತುಂಬುತ್ತೇನೆ, ತುಂಬದೆ ಏನು ಮಾಡಲಿ? ಮಗಳ ಫೀಸ್ ಕಟ್ಟಬೇಕು. ಅದರಲ್ಲಿ ಗ್ಯಾಪ್‌ಗೆ ಕಾರಣ ಏನು ಅಂತ ಒಂದು ಕಾಲಂ ಇದೆ. ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೇ ಹೋಗಲ್ಲ. ಎಚ್‌ಆರ್ ಕೆಲಸದಲ್ಲಿರೋರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬಾಯಿ ಬಿಟ್ಟು ಹೇಳಿ. ನಿಜ ಬರೆದರೆ ಟಚ್ ಹೋಗಿದೆ ಅಂತೀರಿ. ಬರೆಯದಿದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತೀರಿ. ದುಡ್ಡು ಕೊಟ್ಟರೆ ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಕೊಡೋರು ಇದ್ದಾರೆ, ಅದು ನನ್ನಿಂದ ಆಗಲ್ಲ. ಆ ಕಾಲಂನಲ್ಲಿ ಏನು ಬರೆದರೆ ನೀವು ನನ್ನ ಗಂಡನ ಕೆಲಸ ಬಿಟ್ಟು ನನ್ನ ಕೆಲಸದ ಬಗ್ಗೆ ಕೇಳ್ತೀರಿ?