ತೆರಿಗೆಯ ಮಾತು ಇಲ್ಲಿ ಎತ್ತಬೇಡಿ ಎಂದರೆ ಇನ್ನೆಲ್ಲಿ ಎತ್ತಬೇಕು?

ಇಂದು ಬೆಳಿಗ್ಗೆ, ನಾವಿರುವ ಓಹಾಯೋದಲ್ಲಿ ಆಸ್ತಿ ಮೌಲ್ಯದ ದೂರುಗಳನ್ನು ಕೇಳುವ ಬೋರ್ಡ್ ಆಫ್ ರಿವಿಜನ್ ಮುಂದೆ ನಡೆದದ್ದನ್ನು ಬರೆದು ಮುಗಿಸದೆ ನನಗೆ ನಿದ್ದೆ ಬರುವುದಿಲ್ಲ. ತೆರಿಗೆಗಾಗಿ ಮನೆಗಳಿಗೆ ಬೆಲೆ ಕಟ್ಟುವ ಕೌಂಟಿ ಆಡಿಟರ್ ನಮ್ಮ ಮನೆಯ ಮೌಲ್ಯವನ್ನು ಅಷ್ಟೊಂದು ಏರಿಸಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಒತ್ತಟ್ಟಿಗಿರಲಿ. ಎದುರಿಗೆ ಕುಳಿತಿದ್ದ ಮೂವರಲ್ಲಿ ಒಬ್ಬರು ನನ್ನ ಮುಖವನ್ನೂ ನೋಡದೆ ಆಡಿದ ಮಾತು ನನ್ನನ್ನು ಇನ್ನೂ ಸುಡುತ್ತಿದೆ. "ಶಾಲಾ ಲೆವಿಗೆ ಒಪ್ಪಿಗೆ ಕೊಟ್ಟವರು ನೀವೇ ಅಲ್ಲವೇ?"

ಅಲ್ಲ. ನಾನು ಕೊಟ್ಟಿಲ್ಲ. ಲೆವಿ ಎಂದರೆ ಶಾಲೆಗಾಗಿ ಮತದಾರರು ಮತ ಹಾಕಿ ಒಪ್ಪುವ ಆಸ್ತಿ ತೆರಿಗೆ, ಅದಕ್ಕೆ ಒಪ್ಪಿಗೆ ಕೊಡಲು ನನಗೆ ಮತವೇ ಇಲ್ಲ.

ಆದದ್ದು ಇಷ್ಟು. ಬೇಸ್‌ಮೆಂಟ್ ಗೋಡೆಯ ಬಿರುಕಿನ ಫೋಟೋಗಳನ್ನು ನಾನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಜೋರು ಮಳೆ ಬಂದಾಗಲೆಲ್ಲ ಆ ಬಿರುಕಿನಿಂದ ನೀರು ಒಸರುತ್ತದೆ, ಒಣಗಿದ ಮೇಲೆ ಗೋಡೆಯುದ್ದಕ್ಕೂ ಬಿಳಿ ಉಪ್ಪಿನ ಗೆರೆ ಉಳಿಯುತ್ತದೆ. ಆ ನೀರನ್ನು ಹೊರಹಾಕುವ ಸಂಪ್ ಪಂಪ್ ಕೈಕೊಟ್ಟ ರಾತ್ರಿ ಕಾರ್ಪೆಟ್ಟನ್ನೇ ಕಿತ್ತು ಹೊರಗೆ ಹಾಕಬೇಕಾಯಿತು. ನಮ್ಮ ಮನೆಗೆ ಬೆಲೆ ಕಟ್ಟಿದವರು ಒಳಗೆ ಕಾಲಿಟ್ಟವರಲ್ಲ, ಆದ್ದರಿಂದ ಅವರ ದಾಖಲೆಯಲ್ಲಿ ಆ ಗೋಡೆ ಒಣಗಿಯೇ ಇದೆ. ಇದನ್ನು ಹೇಳುತ್ತಾ, ಜೊತೆಯಲ್ಲಿ ತಂದಿದ್ದ ತೆರಿಗೆಯ ಬಿಲ್ಲನ್ನು ತೆಗೆದು, ಈ ಏರಿಕೆಯನ್ನು ನಮ್ಮ ಸಂಬಳ ತಾಳುವುದಿಲ್ಲ ಎಂದೆ. ಕೂಡಲೇ ಅವರು ಕೈಯೆತ್ತಿ ನನ್ನನ್ನು ತಡೆದರು. ಇಲ್ಲಿ ಮೌಲ್ಯದ ವಿಚಾರ ಮಾತ್ರ, ತೆರಿಗೆಯ ಮಾತು ಎತ್ತಬೇಡಿ ಎಂದರು. ಅದರ ಬೆನ್ನಿಗೇ ಲೆವಿಯ ಆ ಮಾತು ಬಂತು. ನನಗೆ ಮತದ ಹಕ್ಕಿಲ್ಲ ಎಂದಾಗ ಅವರು ಮೊದಲ ಬಾರಿಗೆ ತಲೆಯೆತ್ತಿದರು, ನನ್ನನ್ನು ನೋಡಿದರು, ಕಡತದ ಮೇಲಿದ್ದ ನನ್ನ ಹೆಸರನ್ನು ನೋಡಿದರು, ಅದನ್ನು ಓದಲು ಹೊರಟು ಅರ್ಧಕ್ಕೇ ಬಿಟ್ಟರು. ಪಕ್ಕದಲ್ಲಿದ್ದವರು ಹಾಳೆ ಮಗುಚಿದರು. "ಸರಿ, ಬೇರೆ ಏನಾದರೂ ಇದೆಯೇ?" ಎಂದು ಕೇಳಿದರು. ಇಲ್ಲ ಎಂದೆ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು, ಆದರೂ ಇಲ್ಲ ಎಂದೆ. ಫೋಟೋಗಳನ್ನು ಒಂದೊಂದಾಗಿ ಎತ್ತಿಕೊಳ್ಳುವಾಗ ಮೂವರೂ ಸುಮ್ಮನೆ ಕಾಯುತ್ತಿದ್ದರು, ಮುಂದಿನವರು ಬಾಗಿಲಲ್ಲಿ ನಿಂತಾಗಿತ್ತು.

ಮೌಲ್ಯ ಬೇರೆ, ತೆರಿಗೆ ಬೇರೆ ಎಂಬ ಈ ವಾದವನ್ನು ನಾನು ಒಪ್ಪುವುದಿಲ್ಲ. ಓಹಾಯೋದಲ್ಲಿ ಆರು ವರ್ಷಕ್ಕೊಮ್ಮೆ ಪೂರ್ಣ ಮರುಮೌಲ್ಯಮಾಪನ ನಡೆಯುತ್ತದೆ, ನಡುವಿನ ಮೂರನೆಯ ವರ್ಷದಲ್ಲಿ ಮತ್ತೊಂದು ಪರಿಷ್ಕರಣೆ. ಪಕ್ಕದ ಫ್ರಾಂಕ್ಲಿನ್ ಕೌಂಟಿಯಲ್ಲಿ 2023ರಲ್ಲಿ ವಸತಿ ಆಸ್ತಿಗಳ ಮೌಲ್ಯ ಸರಾಸರಿ ಶೇ 41ರಷ್ಟು ಏರಿತು, ನಮ್ಮ ಕಡೆಯೂ ಹೆಚ್ಚುಕಡಿಮೆ ಅದೇ ಹಾಡು. "ಮೌಲ್ಯ ಏರಿದಷ್ಟೇ ತೆರಿಗೆ ಏರುವುದಿಲ್ಲ, ಹೆದರಬೇಡಿ" ಎಂದು ಎಲ್ಲರೂ ಸಮಾಧಾನ ಹೇಳಿದರು. ಅದಕ್ಕೆ ಕಾನೂನಿನ ಆಧಾರವೂ ಇದೆ: ಹೌಸ್ ಬಿಲ್ 920 ಎಂಬ 1976ರ ಶಾಸನದ ಪ್ರಕಾರ, ಮೌಲ್ಯ ಏರಿದಾಗ ಮತದಾರರು ಒಪ್ಪಿದ ಲೆವಿಯ ದರವನ್ನು ಇಳಿಸಿ, ಮೊದಲು ಬರುತ್ತಿದ್ದಷ್ಟೇ ಹಣ ಬರುವಂತೆ ಮಾಡಬೇಕು. ಆದರೆ ಈ ಇಳಿಕೆಗೆ ಒಂದು ತಳವಿದೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಮಿಲ್ ಎಂದರೆ ಸಾವಿರ ಡಾಲರಿಗೆ ಒಂದು ಡಾಲರ್. ಶಾಲೆಯ ದಿನನಿತ್ಯದ ವೆಚ್ಚದ ದರ 20 ಮಿಲ್‌ಗಿಂತ ಕೆಳಗೆ ಹೋಗುವಂತಿಲ್ಲ, ಆ ತಳ ಮುಟ್ಟಿದ ಶಾಲಾ ಜಿಲ್ಲೆಯಲ್ಲಿ, 2025ರ ಕೊನೆಯಲ್ಲಿ ಕಾನೂನು ಬದಲಾಗುವವರೆಗೆ, ಮೌಲ್ಯ ಎಷ್ಟು ಏರಿತೋ ಆ ತೆರಿಗೆಯೂ ಅಷ್ಟೇ ಏರುತ್ತಿತ್ತು.

ಲೆಕ್ಕ ಕಷ್ಟದ್ದಲ್ಲ. ಮೂರು ಲಕ್ಷ ಡಾಲರಿನ ಮನೆಯ ಶೇ 35 ಭಾಗಕ್ಕೆ, ಅಂದರೆ 1,05,000 ಡಾಲರಿಗೆ ತೆರಿಗೆ ಬೀಳುತ್ತದೆ. 20 ಮಿಲ್‌ಗೆ 2,100 ಡಾಲರ್. ಅದೇ ಮನೆಗೆ 4,20,000 ಬೆಲೆ ಕಟ್ಟಿದರೆ, ಇರುವ ರಿಯಾಯಿತಿಗಳನ್ನು ಬಿಟ್ಟು ನೋಡಿದಾಗ, ಅದು 2,940 ಆಗುತ್ತಿತ್ತು. ಈ 840 ಡಾಲರಿಗೆ ಯಾರೂ ಮತ ಹಾಕಿಲ್ಲ, ಯಾವ ಸಭೆಯೂ ಕೈಯೆತ್ತಿಲ್ಲ, ಯಾರ ಸಹಿಯೂ ಇಲ್ಲ. ನಮ್ಮದು ಆ ತಳ ಮುಟ್ಟಿದ ಜಿಲ್ಲೆ. ಅದರ ಮೇಲೆ ಹೊಸ ಲೆವಿ ಬೇರೆ ಅಂಗೀಕಾರವಾಯಿತು; 2013ರ ಕಾನೂನು ಬದಲಾವಣೆಯ ನಂತರ ಬಂದ ಇಂಥ ಹೊಸ ಲೆವಿಗಳಿಗೆ, ಮೊದಲು ರಾಜ್ಯ ಸರ್ಕಾರ ನಮ್ಮ ಪರವಾಗಿ ಭರಿಸುತ್ತಿದ್ದ ಶೇ 10 ಮತ್ತು ಶೇ 2.5ರ ರಿಯಾಯಿತಿಯೂ ಸಿಗುವುದಿಲ್ಲ.

ಹೀಗಿರುವಾಗ ಯಾರನ್ನು ಕೇಳಬೇಕು? ಆಡಿಟರ್ ಕಚೇರಿಯವರು ನಾವು ದರ ನಿಗದಿ ಮಾಡುವವರಲ್ಲ ಎನ್ನುತ್ತಾರೆ. ಶಾಲಾ ಜಿಲ್ಲೆಯವರು ಮೌಲ್ಯ ಕಟ್ಟುವುದು ನಮ್ಮ ಕೆಲಸವಲ್ಲ ಎನ್ನುತ್ತಾರೆ. ಶಾಸಕರ ಕಚೇರಿಗೆ ಬರೆದರೆ, ಲೆವಿ ಸ್ಥಳೀಯ ಮತದಾರರ ತೀರ್ಮಾನ ಎಂಬ ಅಚ್ಚುಹಾಕಿದ ಉತ್ತರ ಬರುತ್ತದೆ. ಇದೇ ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲಿ, ಡಿರಾಲ್ಫ್ ಪ್ರಕರಣದಲ್ಲಿ, ಆಸ್ತಿ ತೆರಿಗೆಗೆ ಇಷ್ಟೊಂದು ಜೋತುಬಿದ್ದ ಶಾಲಾ ಹಣಕಾಸು ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. 2002ರಲ್ಲೂ ಅದನ್ನೇ ಹೇಳಿತು. ತೀರ್ಪು ಗ್ರಂಥದಲ್ಲಿ ಉಳಿಯಿತು, ಬಿಲ್ಲು ಅಂಚೆಪೆಟ್ಟಿಗೆಗೆ ಬರುತ್ತಲೇ ಇದೆ.

ನಾನು ಶಾಲೆಯ ವಿರೋಧಿಯಲ್ಲ. ನನ್ನ ಮಗಳು ಓದುವುದು ಅದೇ ಶಾಲೆಯಲ್ಲಿ. ಇಂಗ್ಲಿಷ್ ಸರಿಯಾಗಿ ಬಾರದ ದಿನಗಳಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಲು ಕಲಿಸಿದ ಶಿಕ್ಷಕಿಯ ಋಣ ನಮ್ಮ ಮೇಲಿದೆ, ಅವರ ಸಂಬಳ ಹೆಚ್ಚಾಗಲಿ ಎಂದೇ ನನ್ನ ಆಸೆ. ಮತವಿದ್ದಿದ್ದರೆ ಬಹುಶಃ ನಾನೂ ಆ ಲೆವಿಗೆ ಹೌದು ಎನ್ನುತ್ತಿದ್ದೆ. ಆದರೆ ಹೌದು ಎನ್ನುವ ಅವಕಾಶವನ್ನೇ ಕೊಡದೆ, ನೀವೇ ಹೌದು ಎಂದಿರಿ ಎಂದು ನನ್ನ ತಲೆಗೆ ಕಟ್ಟುವುದು ಯಾವ ನ್ಯಾಯ? ಇಷ್ಟು ವರ್ಷ ಎಚ್‌-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ದುಡಿದು, ಇಲ್ಲಿಯೇ ಮನೆ ಕೊಂಡು, ಇಲ್ಲಿಯೇ ತೆರಿಗೆ ಕಟ್ಟುತ್ತಿರುವ ನಮ್ಮಂಥ ಭಾರತೀಯರ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ, ವರ್ಷದ ಕಾರ್ಡ್‌ಗಳಲ್ಲಿ ಒಂದೊಂದು ದೇಶಕ್ಕೆ ಶೇ 7 ಎಂಬ ಮಿತಿಯಿಂದಾಗಿ, ಯಾವಾಗ ಬರುತ್ತದೋ ದೇವರೇ ಬಲ್ಲ. ಅದು ಬಂದು ಸಾಮಾನ್ಯವಾಗಿ ಐದು ವರ್ಷ ಕಳೆದು, ಪೌರತ್ವ ಸಿಕ್ಕ ಮೇಲೆ ಮತ. ಅಷ್ಟರಲ್ಲಿ ಮಗಳು ಶಾಲೆ ಮುಗಿಸಿರುತ್ತಾಳೆ.

ಊರಿನಿಂದ ಅಪ್ಪ ಫೋನ್ ಮಾಡಿದಾಗ ಇದನ್ನು ವಿವರಿಸಲು ಹೊರಟೆ. ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ, ಭಿಕ್ಷುಕರ ಕರ ಕಟ್ಟಿ ಗೊತ್ತಿರುವ ಅವರು, "ಅಷ್ಟು ದುಡ್ಡು ಪ್ರತಿ ವರ್ಷವೇನೋ?" ಎಂದು ಮತ್ತೆ ಮತ್ತೆ ಕೇಳಿದರು. ಹೌದಪ್ಪಾ, ಪ್ರತಿ ವರ್ಷ. ಬ್ಯಾಂಕಿನವರು, ತೆರಿಗೆ ಕಟ್ಟಲೆಂದು ಕಂತಿನ ಜೊತೆ ಹಣ ಕೂಡಿಸಿಡುವ ಎಸ್ಕ್ರೋ ಖಾತೆಯ ಕೊರತೆಯನ್ನು ಹನ್ನೆರಡು ತಿಂಗಳಿಗೆ ಹಂಚಿ, ಮುಂದಿನ ವರ್ಷದ ಏರಿಕೆಯನ್ನೂ ಅದಕ್ಕೇ ಸೇರಿಸುತ್ತಾರೆ. ಹೀಗಾಗಿ ಒಂದೇ ಏರಿಕೆ ತಿಂಗಳ ಕಂತಿನ ಮೇಲೆ ಎರಡು ಪಾಲಾಗಿ ಬಂದು ಕೂರುತ್ತದೆ. ಬಡ್ಡಿ ದರ ನಿಶ್ಚಿತವಾಗಿದೆ, ಕಂತು ಬದಲಾಗುವುದಿಲ್ಲ ಎಂಬ ಭರವಸೆಯ ಮೇಲೆ ಈ ಮನೆ ಕೊಂಡವರು ನಾವು.

ಒಮ್ಮೊಮ್ಮೆ ಅನ್ನಿಸುತ್ತದೆ, ಕಟ್ಟಿ ಸುಮ್ಮನಿದ್ದುಬಿಡೋಣ, ಮನೆಯ ಬೆಲೆ ಏರಿದ್ದು ನಮಗೇ ಲಾಭ ತಾನೇ ಎಂದು. ಮರುಕ್ಷಣವೇ ಸಿಟ್ಟು ನೆತ್ತಿಗೇರುತ್ತದೆ. ಮಾರದ ಮನೆಯಿಂದ ಬಂದ ಲಾಭ ಎಲ್ಲಿದೆ? ಪಕ್ಕದ ಮನೆಯಲ್ಲಿ ಒಂಟಿಯಾಗಿರುವ, ಪಿಂಚಣಿಯಲ್ಲೇ ಬದುಕುವ ಮುದುಕಿಗೆ ಯಾವ ಲಾಭ ಬಂತು? ಆಕೆಗೆ ಮತವಿದೆ, ಆಕೆ ಬೇಡ ಎಂದೇ ಮತ ಹಾಕಿದ್ದರು. ಬಿಲ್ಲು ಇಬ್ಬರಿಗೂ ಬಂದಿದೆ.

ಬೋರ್ಡಿನ ತೀರ್ಮಾನ ಅಂಚೆಯಲ್ಲಿ ಬರುತ್ತದಂತೆ. ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ರಾಜ್ಯದ ತೆರಿಗೆ ಮೇಲ್ಮನವಿ ಮಂಡಳಿಯಾದ ಬೋರ್ಡ್ ಆಫ್ ಟ್ಯಾಕ್ಸ್ ಅಪೀಲ್ಸ್‌ಗೆ ಹೋಗಬಹುದು, ಅಲ್ಲಿಯೂ ಕೇಳುವುದು ಮೌಲ್ಯವನ್ನು ಮಾತ್ರ. ಓಹಾಯೋದಲ್ಲಿದ್ದು ಪೌರತ್ವ ಪಡೆದಿರುವ ಕನ್ನಡಿಗರಲ್ಲಿ, ಶಾಲಾ ಮಂಡಳಿಯ ಸಭೆಗೆ ಹೋಗಿ ಗೊತ್ತಿರುವವರಲ್ಲಿ, ವಕೀಲರಲ್ಲಿ, ಯಾರಲ್ಲಾದರೂ ಕೇಳುತ್ತಿದ್ದೇನೆ: 20 ಮಿಲ್‌ನ ತಳದಿಂದಾಗಿ ಮತವಿಲ್ಲದೆ ಏರಿದ ಆ ಮೊತ್ತವನ್ನು ಯಾವ ಕಚೇರಿಯ ಮುಂದೆ ಪ್ರಶ್ನಿಸಬಹುದು? ಅಂಥ ಕಚೇರಿ ಇದ್ದರೆ ಅದರ ಹೆಸರು ಹೇಳಿ. ಇಲ್ಲದಿದ್ದರೆ, ಇಲ್ಲ ಎಂದಾದರೂ ಸ್ಪಷ್ಟವಾಗಿ ಹೇಳಿ.