ಬೀಗದ ಚಿತ್ರ ಇದ್ದರೆ ಸಾಕಂತೆ!

"ಬ್ರೌಸರಿನಲ್ಲಿ ವಿಳಾಸದ ಪಕ್ಕ ಬೀಗದ ಗುರುತು ಇದೆಯಲ್ಲ, ಸೈಟ್ ಅಸಲಿ" ಅನ್ನೋ ಉಪದೇಶ ಇನ್ನೂ ಸತ್ತಿಲ್ಲ ನೋಡಿ. ಆ ಬೀಗ ಹೇಳೋದು ಇಷ್ಟೇ: ನೀವು ಕಳಿಸಿದ ಪಾಸ್‌ವರ್ಡನ್ನು ದಾರಿಯಲ್ಲಿ ಯಾರೂ ಓದಲಾರರು. ತಲುಪೋದೇ ಕಳ್ಳನ ಮನೆಗಾದರೆ? ಆ ಬೀಗ ತರೋ ಸರ್ಟಿಫಿಕೇಟ್ ಅವನಿಗೂ ಪುಕ್ಕಟೆ ಸಿಗುತ್ತೆ. ಅದಕ್ಕೇ ಕ್ರೋಮ್ 2023ರಲ್ಲೇ ಆ ಚಿತ್ರ ಕಿತ್ತುಹಾಕಿತು.

ವಿಳಾಸ ಓದಿ ಸ್ವಾಮಿ, ಅದೂ ಹಿಂದಿನಿಂದ. 'ನಿಮ್ಮಬ್ಯಾಂಕ್ ಡಾಟ್ ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್' ಅಂತಿದ್ದರೆ ಮನೆಯೊಡೆಯ 'ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್'. ಬ್ಯಾಂಕಿನ ಹೆಸರು ಬರೀ ತೋರಣ. ಮೊಬೈಲಿನಲ್ಲಂತೂ ಉದ್ದ ವಿಳಾಸ ಪೂರ್ತಿ ಕಾಣೋದೇ ಇಲ್ಲ. 2025ರ ಅಕ್ಟೋಬರ್ 31ರೊಳಗೆ, ಬ್ಯಾಂಕುಗಳಿಗಷ್ಟೇ ಸಿಗೋ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬನ್ನಿ ಅಂತ ಬ್ಯಾಂಕುಗಳಿಗೆ ಆರ್‌ಬಿಐ ಹೇಳಿದ್ದು ಸುಮ್ಮನೆ ಅಲ್ಲ.

ಇನ್ನು, ಪಾಸ್‌ವರ್ಡ್ ನೆನಪಿಟ್ಟು, ಉಳಿಸಿದ ಅದೇ ವಿಳಾಸ ಕಂಡರೆ ಮಾತ್ರ ಸದಾ ತಾನೇ ತುಂಬೋ ಪಾಸ್‌ವರ್ಡ್ ಮ್ಯಾನೇಜರ್ ಇವತ್ತು ಮೌನವಾಗಿದ್ದರೆ, ಕೈಯಾರೆ ಟೈಪ್ ಮಾಡೋ ಅವಸರ ಯಾಕ್ರೀ?